ಮೆಣಸಿನಕಾಯಿ ಹಿಚುಕಿದ ಕೈ

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಈಗಲೂ ಬ್ಯಾಡಗಿಯ ನಮ್ಮ ಅಂಗಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿ, ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದೆವು. ಪಕ್ಕದ ಮನೆಯ ಬಸಪ್ಪ ಕೂಗುತ್ತ ಅಂಗಳಕ್ಕೆ ನುಗ್ಗಿದ.

"ದಿನಾ ಸಂಜಿಕೆ ಯೇಸುನ ಹಾಡು ಹಾಡಿ ನನ್ನ ಎಮ್ಮಿ ಹಾಲು ಬತ್ತಿಸೀರಿ!"

ಅಜ್ಜಿ ತಲೆ ಎತ್ತಲಿಲ್ಲ. ಅಪ್ಪ ಮಾತ್ರ ಬಡಿಗೆ ಹಿಡಿದು, ಬೈಯುತ್ತ ಹೊರಬಂದ.

"ಸುಮ್ಮನಿರು," ಅಜ್ಜಿ ಅಪ್ಪನಿಗೆ ಮೆಲ್ಲಗೆ ಅಂದಳು. "ಸಿಟ್ಟಿಗೆ ನಿನ್ನ ಮಾರಿನೂ ಅವನ ಮಾರಿಯಂಗ ಕೆಂಪಾಗೈತಿ."

ಅಪ್ಪ ಬಾಯಿ ಮುಚ್ಚಿದ. ಬಡಿಗೆ ಕೆಳಗಿಡಲಿಲ್ಲ.

ಯಾರೂ ಮಾತಾಡದ್ದು ಬಸಪ್ಪನನ್ನು ಇನ್ನಷ್ಟು ಕೆರಳಿಸಿತು. ರಾಶಿಯಿಂದ ಎರಡೂ ಕೈತುಂಬ ಕಾಯಿ ಎತ್ತಿ, "ನಿಮ್ಮನ್ನೂ ಹಿಂಗ ಹಿಚುಕತೀನಿ!" ಎಂದು ಪುಡಿ ಮಾಡಿದ. ಅವನ ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು.

ಅಜ್ಜಿ ಈಗ ಅವನತ್ತ ತಿರುಗಿದಳು. "ಬಸಪ್ಪಾ, ಆ ಕೈ ಕಣ್ಣಿಗೆ ಹಚ್ಚಬ್ಯಾಡೋ."

"ನನಗೇನು ಹೇಳ್ತಿ ನೀ?" ಎನ್ನುತ್ತ ಅವನು ಕಣ್ಣೊರೆಸಿಕೊಂಡ.

ಮರುಕ್ಷಣ ಕಿರುಚುತ್ತ ಕುಸಿದ. ನಾನು ಕಿಸಕ್ಕನೆ ನಕ್ಕೆ. ಅಪ್ಪನೂ ನಕ್ಕ. ಅಜ್ಜಿ ಅಷ್ಟರಲ್ಲೇ ತನ್ನ ಖಾರದ ಕೈಗಳಿಗೆ ಸೆರಗು ಸುತ್ತಿಕೊಂಡು, ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು.

"ಆ ಬಡಿಗಿ ಒಗಿ," ಎಂದು ಅಪ್ಪನನ್ನು ಗದರಿದಳು. "ಲಗೂನ ಹಾಲು ತಾ, ಇವನ ಕಣ್ಣು ತೊಳೀಬೇಕು."