ಮರೆಯಲಾಗದ ನಾಲ್ಕು ಪದ

ತೀರಿಕೊಂಡ ಮಗಳ ಪಿಎಚ್‌ಡಿ ಪ್ರಬಂಧ ವಿಶ್ವವಿದ್ಯಾಲಯದ ಆನ್‌ಲೈನ್ ಖಾತೆಯೊಳಗೇ ಉಳಿದುಬಿಟ್ಟಿತ್ತು. ಅದನ್ನು ತೆಗೆಸಿಕೊಟ್ಟರೆ ಅವಳ ಹೆಸರಿಗೆ ಪದವಿ ಕೊಡುತ್ತೇವೆ ಎಂದಿದ್ದರು. ಕುಲಸಚಿವರ ಪತ್ರ ಹಿಡಿದು ಅಪ್ಪ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದ.

“ಹಳೇ ಪಾಸ್‌ವರ್ಡ್ ಏನಾದ್ರೂ ಗೊತ್ತಾ ಸರ್?” ಕೌಂಟರಿನ ಹುಡುಗಿ ಕೇಳಿದಳು.

“ಇಲ್ಲಮ್ಮ. ಮೂರು ವರ್ಷದಿಂದ ನಮ್ಮಿಬ್ಬರಿಗೂ ಮಾತೇ ಇರಲಿಲ್ಲ.”

“ಹೋಗ್ಲಿ ಬಿಡಿ, ಹೊಸದು ಹಾಕೋಣ. ಈಗ ಒಂದು ಪದ ಸಾಲಲ್ಲ, ನಾಲ್ಕು ಬೇಕು. ಕನ್ನಡದಲ್ಲೇ ಹಾಕಿ. ಜನ್ಮದಲ್ಲಿ ಮರೀಬಾರ್ದು, ಅಂಥದ್ದಿರಲಿ.”

ಹಾಗೆಂದು ಅವಳು, ಅವನು ಒತ್ತುವುದು ಕಾಣದಂತೆ ಮುಖ ಆಚೆ ತಿರುಗಿಸಿಕೊಂಡಳು.

ಗೊತ್ತಾಗಿದ್ದ ಮದುವೆ ಬಿಟ್ಟು ಓದಲು ಹೊರಟ ಮಗಳಿಗೆ ಅವನು ಬಾಗಿಲಲ್ಲಿ ನಿಂತು ಆಡಿದ್ದ ಕೊನೆಯ ಮಾತು ಒಂದು ದಿನವೂ ಅವನನ್ನು ಬಿಟ್ಟಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ: ನನ್ನ ಪಾಲಿಗೆ ನೀನು ಸತ್ತೆ.

ತೆರೆಯ ಮೇಲೆ ಬರೀ ಕಪ್ಪು ಚುಕ್ಕೆಗಳು ಮೂಡಿದವು. ಕಂಪ್ಯೂಟರ್ ಒಪ್ಪಲಿಲ್ಲ. ಹುಡುಗಿ ಬಗ್ಗಿ, ಕೆಳಗೆ ಬಂದ ಕೆಂಪು ಸಾಲನ್ನು ಓದಿದಳು.

“ಹಳೇದನ್ನೇ ಮತ್ತೆ ಹಾಕೋ ಹಾಗಿಲ್ಲ ಅಂತಿದೆ. ಹಳೇದು ಗೊತ್ತಿಲ್ಲ ಅಂದ್ರಲ್ಲ ಸರ್? ನಿಮ್ಮ ಮಗಳು ದಿನಾ ಹಾಕ್ತಿದ್ದಿದ್ದೂ ಇದನ್ನೇ.”