ಡಬ್ಬಿಯ ತಳ

ಕ್ರಿಪ್ಟೋ ದುಡ್ಡಿಡಲು ಯಾವ ವಾಲೆಟ್ ಭದ್ರ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಪರಶಿವಮೂರ್ತಿ ಕೊನೆಗೊಂದನ್ನು ಆರಿಸಿದ್ದ. ಯಾವ ಕಂಪನಿಯ ಹಂಗೂ ಇಲ್ಲ. ಹನ್ನೆರಡು ಇಂಗ್ಲಿಷ್ ಪದಗಳೇ ಅದರ ಬೀಗದ ಕೈ. ಆ ಪದಗಳು ಗೊತ್ತಿದ್ದವನದೇ ದುಡ್ಡು. ಕಾಗದವಾದರೆ ಗೆದ್ದಲು ತಿನ್ನುತ್ತದೆ ಎಂದು ಅವನ್ನು ಸ್ಟೀಲ್ ಡಬ್ಬಿಯೊಂದರ ತಳದಲ್ಲಿ ತಾನೇ ಕೆತ್ತಿ ಅಟ್ಟದ ಮೇಲಿಟ್ಟಿದ್ದ.

ಇವತ್ತು ನೋಡಿದರೆ ವಾಲೆಟ್ ಖಾಲಿ.

“ಆ ಡಬ್ಬೀನ ಯಾರಿಗೆ ತೋರಿಸಿದ್ಯೇ?” ಅಡುಗೆಮನೆ ಬಾಗಿಲಲ್ಲೇ ನಿಂತು ಹೆಂಡತಿಯ ಮೇಲೆ ಹರಿಹಾಯ್ದ.

“ಅಟ್ಟದ ಮೇಲೇ ಇದೆಯಲ್ರೀ.”

“ನಿನ್ನ ತಮ್ಮ ಬಂದಿದ್ನಲ್ಲ, ಅವನದೇ ಕೆಲಸ! ಇಂಗ್ಲಿಷ್ ಒಂದಕ್ಷರ ಬಾರದ ನಿನ್ನ ಯಾಮಾರಿಸೋದು ಏನು ಕಷ್ಟ?”

ಅವಳು ಕೈಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದಳು. “ನನ್ನ ತಮ್ಮನ ಸುದ್ದಿಗೆ ಬಂದ್ರೆ ಸುಮ್ನಿರಲ್ಲ. ಆ ಡಬ್ಬಿ ಮನೆಯಿಂದ ಹೊರಗೆ ಹೋಗಿದ್ದು ಒಂದೇ ಸಲ, ಪಾತ್ರೆ ಅಂಗಡಿಗೆ. ಗೃಹಪ್ರವೇಶಕ್ಕೆ ಬರೋರಿಗೆ ಕೊಡೋಕೆ ಇಂಥದೇ ಬೇಕು ಅಂತ ತೋರಿಸೋಕೆ ನಾನೇ ಒಯ್ದಿದ್ದೆ.”

“ತಳದಲ್ಲಿ ಕೆತ್ತಿರೋದು ನಿನ್ನ ಕಣ್ಣಿಗೆ ಕಾಣಿಸ್ಲಿಲ್ವಾ?”

“ಕಾಣದೇ ಏನು? ಏನ್ರೀ ಇದು ಅಂತ ಕೇಳಿದಾಗ ‘ಮನೆಯವರೆಲ್ಲರ ಹೆಸರು ಕಣೇ’ ಅಂದಿದ್ದು ನೀವೇ ತಾನೇ? ಅದನ್ನೇ ಎಲ್ಲಾ ಡಬ್ಬಿಗಳ ಮೇಲೂ ಹಾಕ್ಸಿ, ಬಂದೋರಿಗೆಲ್ಲ ಹಂಚಿದ್ದೀನಿ!”