ಸಹಿಗೆ ಮುಂಚೆ ಒಂದು ಲೋಟ

ಕುಕ್ಕರ್ ಎರಡನೇ ಸೀಟಿ ಹಾಕುವಾಗ ನೀರಿನ ಅಧಿಕಾರಿ ಪ್ರಭುಲಿಂಗ ಒಳಗೆ ಬಂದು ಕುಳಿತರು. ಯಾರ ಮನೆಯ ನೀರು ಪರೀಕ್ಷಿಸಬೇಕೆಂದು ಓಣಿಯಲ್ಲಿ ಎತ್ತುವ ಚೀಟಿಯಲ್ಲಿ ಈ ವರ್ಷ ನಮ್ಮ ಮನೆ ಬಂದಿತ್ತು. ಓಣಿಯ ನೀರು ಶುದ್ಧ ಎಂದು ಸಹಿ ಮಾಡುವವರು ಮೊದಲು ಅದೇ ಓಣಿಯ ನಲ್ಲಿಯಿಂದ ಒಂದು ಲೋಟ ಕುಡಿಯಬೇಕು. ಕುಡಿಯದಿದ್ದರೆ ಮಳೆಗಾಲಕ್ಕೆ ಮುಂಚೆ ಹೊಸ ಪೈಪು ಹಾಕಿಸಬೇಕು. ನಾನು ಹುಟ್ಟುವ ಮೊದಲಿನಿಂದಲೂ ಕಾನೂನು ಹಾಗೆಯೇ ಇದೆ.

ನಲ್ಲಿ ತಿರುಗಿಸಿ ಲೋಟ ತುಂಬಿಸಿ ಕೊಟ್ಟೆ. ಪ್ರಭುಲಿಂಗ ಚೀಲದಿಂದ ತಮ್ಮ ಬಾಟಲಿ ತೆಗೆದರು.

"ಯಕ್ಕಾ, ಇದನ್ನ ಲೋಟಕ್ಕ ಹಾಕ್ತೀನಿ. ಫೋಟೊದಾಗ ಗೊತ್ತಾಗೂದಿಲ್ಲ. ಹೋದ ವರ್ಷಾನೂ ಹಿಂಗ ಆಗೈತಿ."

"ಹೋದ ವರ್ಷ ಹಿಂಗ ಆಗಿದ್ದಕ್ಕ ನನ್ನ ಮಗಳು ಸುಗುಣಾ ಕಾಮಾಲಿ ಹಿಡಿದು ಒಳಗ ಮಲಗ್ಯಾಳ."

"ಹಂಗಾದ್ರ ಚೂರು ಕಾಸಿ ಕೊಡ್ರಿ."

"ಸಾಲ್ಯಾಗ ನಮ್ಮ ಮಕ್ಕಳಿಗೆ ಯಾರು ಕಾಸಿ ಕೊಡ್ತಾರ್ರಿ?"

"ಶುದ್ಧ ಅಂತ ಬರೀಲಿಲ್ಲಂದ್ರ ಮ್ಯಾಲಿನವ್ರು ನನಗ ನೀರು ಕುಡಸ್ತಾರ, ಯಕ್ಕಾ!"

"ಅವರು ಆಮ್ಯಾಲೆ ಕುಡಸಲಿ. ಮೊದಲು ನಾ ಕುಡಸ್ತೀನಿ."

ಅವರು ಲೋಟವನ್ನು ತುಟಿಯವರೆಗೂ ತಂದರು. ಬಾಗಿಲ ಕಡೆ ನೋಡಿದರು. ನನ್ನ ತಮ್ಮನ ವಯಸ್ಸಿನವರು, ಅಯ್ಯೋ ಅನ್ನಿಸಿತು. ಆದರೂ ಬಾಗಿಲಿಗೆ ಅಡ್ಡ ನಿಂತೇ ಇದ್ದೆ. ಕೊನೆಗೆ ಲೋಟ ಕೆಳಗಿಟ್ಟು, ಹಾಳೆಯ ಮೇಲೆ 'ಕುಡಿಯಲು ಯೋಗ್ಯವಲ್ಲ, ಹೊಸ ಪೈಪು ಹಾಕಬೇಕು' ಎಂದು ಬರೆದು ಸಹಿ ಮಾಡಿದರು.

ನಾನು ಒಳಗೆ ಹೋಗಿ, ಸುಗುಣಾಳಿಗೆಂದು ಕಾಸಿ ಆರಿಸಿಟ್ಟಿದ್ದ ನೀರನ್ನು ಒಂದು ಚೂರು ಬೆಲ್ಲದ ಜೊತೆ ತಂದು ಅವರ ಮುಂದಿಟ್ಟೆ.

"ಈಗ ಕುಡೀರಿ," ಎಂದೆ.